ಅವರು ಹೇಳುವುದಿಲ್ಲ, ನೀವಾದರೂ ಕೇಳಿ

ರಾತ್ರಿ ಬಚ್ಚಲುಮನೆಯ ಚಿಲಕದ ಸದ್ದು ನಿಮಗೂ ಕೇಳಿಸುತ್ತದೆ. ಮಲಗಿ ಒಂದು ಗಂಟೆ ಆಗಿರುವುದಿಲ್ಲ, ಚಿಲಕ ತೆಗೆದ ಸದ್ದು. ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಮತ್ತೆ ಅದೇ ಸದ್ದು. ದೀಪ ಹತ್ತುತ್ತದೆ, ಬಹಳ ಹೊತ್ತು ಏನೂ ಕೇಳಿಸುವುದಿಲ್ಲ, ಆಮೇಲೆ ತೊಟ್ಟಿಕ್ಕಿದ ಹಾಗೆ ಏನೋ, ತುಟಿ ಕಚ್ಚಿ ತಡೆದರೂ ಗೋಡೆ ದಾಟಿ ಬಂದ ಒಂದು ನರಳಿಕೆ. ನೀವು ಮಗ್ಗುಲು ಬದಲಿಸುತ್ತೀರಿ. ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಅಪ್ಪನ ಮುಖ ಬಾಡಿರುವುದು ಕಾಣುತ್ತದೆ, "ನಿದ್ದೆ ಬಂತಾ ಅಪ್ಪಾ" ಎಂದು ಕೇಳುತ್ತೀರಿ, "ಹ್ಞೂಂ" ಅನ್ನುತ್ತಾರೆ. ಆ ಹ್ಞೂಂ ಸುಳ್ಳೆಂದು ನಿಮಗೆ ಗೊತ್ತು, ನಿಮಗೆ ಗೊತ್ತೆಂದು ಅವರಿಗೂ ಗೊತ್ತು, ಆದರೂ ಇಬ್ಬರೂ ಪೇಪರಿನ ಕಡೆ ಮುಖ ತಿರುಗಿಸುತ್ತೀರಿ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅಪ್ಪನ ಶುಗರ್ ಮಾತ್ರೆ ಮುಗಿಯುವ ಮುಂಚೆಯೇ ತಂದಿಡುವವರು ನೀವು, ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿ ಓಡಾಡಿದವರು, ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆಯನ್ನು ಊರೆಲ್ಲ ಹುಡುಕಿ ತಂದವರು. ಅಷ್ಟು ಪ್ರೀತಿ ಇರುವ ಮನೆಯಲ್ಲೇ ಸೊಂಟದಿಂದ ಕೆಳಗಿನ ಒಂದು ಗೇಣು ಜಾಗ ಮಾತ್ರ ಯಾರ ಮಾತಿಗೂ ಸಿಗದೆ ಉಳಿದುಬಿಟ್ಟಿದೆ. ಮಗ ಕೇಳಿದರೆ ಅಪ್ಪನ ಮರ್ಯಾದೆ ಹೋದೀತು, ಮಗಳು ಕೇಳಬಾರದು, ಸೊಸೆ ಕೇಳುವಂತೆಯೇ ಇಲ್ಲ, ಹೆಂಡತಿಗೆ ಎಲ್ಲ ಗೊತ್ತಿದ್ದರೂ "ವಯಸ್ಸಾಯ್ತಲ್ಲ, ಎಲ್ಲರಿಗೂ ಇರೋದೇ" ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾಳೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಬಸುರಿ ಬಾಣಂತಿಯರನ್ನು ವಿಚಾರಿಸಿ, ಜಗಲಿಯ ಮೇಲೆ ಕೂತ ಅಜ್ಜನಿಗೆ "ಚೆನ್ನಾಗಿದೀರಾ" ಎಂದು ಕೈಮುಗಿದು ಮುಂದಿನ ಮನೆಗೆ ಹೋಗುತ್ತಾಳೆ. ಆಕೆಯ ತಪ್ಪೇನಿದೆ, ನಾಲ್ಕು ಜನ ಓಡಾಡುವ ಜಗಲಿಯಲ್ಲಿ ನಿಂತು ಒಬ್ಬ ಹೆಣ್ಣುಮಗಳು ಅದನ್ನು ಹೇಗೆ ಕೇಳಬೇಕು? ಇನ್ನು ಪದೇಪದೇ ಕಿರುಬೆರಳು ಎತ್ತುವ ಮುದುಕ ರಂಗದ ಮೇಲೆ ಬಂದರೆ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆ ನಗುವನ್ನು ಹಿಂದಿನ ಸಾಲಿನಲ್ಲಿ ಕೂತ ನಿಜವಾದ ಮುದುಕರೂ ಕೇಳಿಸಿಕೊಂಡಿರುತ್ತಾರೆ.

ಆ ಒಂದು ಗೇಣು ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಸಂಕೋಚ ಬಿಟ್ಟು ಹೇಳುತ್ತೇನೆ, ನೀವೂ ಸಂಕೋಚ ಬಿಟ್ಟು ಓದಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಹರೆಯದಲ್ಲಿ ಸುಮಾರು 20 ಗ್ರಾಂ ತೂಗುವ ಒಂದು ಗ್ರಂಥಿ ಇದೆ, ಅದು ಪ್ರಾಸ್ಟೇಟ್. ನಮ್ಮ ಕರುಳಿನಲ್ಲಿ ಯಾರಿಗೂ ತೊಂದರೆ ಕೊಡದೆ ಇರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾವೇ ಬಹುತೇಕ ಸಲ, ಕೆಲವೊಮ್ಮೆ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಸ್ಯೂಡೊಮೊನಾಸ್‌ನಂಥವು, ಮೂತ್ರದ ಹಾದಿ ಹಿಡಿದು ಮೇಲೇರಿ ಆ ಗ್ರಂಥಿಯ ಸಣ್ಣಸಣ್ಣ ನಾಳಗಳೊಳಗೆ ನುಗ್ಗುತ್ತವೆ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಪೂರ್ತಿ ಖಾಲಿಯಾಗದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಪೈಪ್ ಹಾಕಿಸಿಕೊಂಡವರಲ್ಲಿ, ಆಗಷ್ಟೇ ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಈ ಅಪಾಯ ಹೆಚ್ಚು. ಆದರೆ ಯಾವ ಕಾಯಿಲೆಯೂ ಇಲ್ಲದ ಮೂವತ್ತರ ಯುವಕನಿಗೂ ಇದು ಬರುತ್ತದೆ. ಸೋಂಕು ಹತ್ತಿದ ಗ್ರಂಥಿ ಊದಿಕೊಂಡು, ತನ್ನ ನಡುವೆಯೇ ಹಾದುಹೋಗುವ ಮೂತ್ರನಾಳವನ್ನು, ತೋಟಕ್ಕೆ ನೀರು ಬಿಟ್ಟ ಪೈಪಿನ ಮೇಲೆ ಯಾರೋ ಕಾಲಿಟ್ಟಂತೆ, ಅದುಮಿಬಿಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮನುಷ್ಯ ಸಂಜೆಗೆ ಕಂಬಳಿ ಮೇಲೆ ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವಂತೆ ನಡುಗುತ್ತಾನೆ, ಮೈ ಕೆಂಡವಾಗುತ್ತದೆ, ವೃಷಣಕ್ಕೂ ಗುದಕ್ಕೂ ನಡುವಿನ ಜಾಗದಲ್ಲಿ, ಕಿಬ್ಬೊಟ್ಟೆಯಲ್ಲಿ, ಸೊಂಟದಲ್ಲಿ ಕೂರಲಾಗದ ನೋವು, ನಿಮಿಷಕ್ಕೊಮ್ಮೆ ಅವಸರ, ಹೋದರೆ ನಾಲ್ಕು ಹನಿ, ಆ ನಾಲ್ಕು ಹನಿಗೂ ಬೆಂಕಿ, ಕೆಲವರಿಗೆ ಅದರಲ್ಲಿ ರಕ್ತ, ಕೊನೆಗೆ ಹನಿಯೂ ಬರದೆ ಮೂತ್ರ ಕಟ್ಟಿಕೊಂಡು ಹೊಟ್ಟೆ ಕಲ್ಲಾಗುತ್ತದೆ. ವೈದ್ಯರು ಇದನ್ನು ಪ್ರಾಸ್ಟೇಟ್‌ನ ತೀವ್ರ ಬ್ಯಾಕ್ಟೀರಿಯಾ ಸೋಂಕು ಎನ್ನುತ್ತಾರೆ. ಪ್ರಾಸ್ಟೇಟ್ ಉರಿಯೂತಗಳಲ್ಲೆಲ್ಲ ಇದು ಅಪರೂಪದ್ದು, ಮತ್ತು ಇದೇ ಎಲ್ಲಕ್ಕಿಂತ ಅಪಾಯದ್ದು.

ಇನ್ನೂ ಒಂದು ಮಾತು, ಇದನ್ನು ನೆನಪಿನಲ್ಲಿಡಿ. ತೀರಾ ವಯಸ್ಸಾದವರ ಮೈ ಕೆಲವೊಮ್ಮೆ ಜ್ವರವನ್ನೂ ತೋರಿಸುವುದಿಲ್ಲ. ನಿನ್ನೆಯವರೆಗೆ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜ ಇವತ್ತು ಗೋಡೆಯ ಜೊತೆ ಮಾತಾಡುತ್ತಾನೆ, ಊಟ ಬೇಡ ಅನ್ನುತ್ತಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಮನೆಯವರು "ಅರಳುಮರಳು ಶುರುವಾಯ್ತು" ಎಂದು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಅರಳುಮರಳು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಒಂದೇ ರಾತ್ರಿಯಲ್ಲಿ ಬಂದರೆ ಅದು ಸೋಂಕು ರಕ್ತ ಸೇರಿರುವ ಸೂಚನೆ ಇರಬಹುದು, ಬುದ್ಧಿ ಮಂಕಾದ ಆ ಗಳಿಗೆಯಲ್ಲಿ ಅಜ್ಜ ತನಗೆ ಎಲ್ಲಿ ನೋಯುತ್ತಿದೆ ಎಂದು ಹೇಳಲಾರ, ಹೇಳಬಲ್ಲವನಾಗಿದ್ದಾಗ ನಾಚಿಕೆಯಿಂದ ಹೇಳಿರಲಿಲ್ಲ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಹೇಳಿದರೂ ಏನಾಗುತ್ತದೆ? "ಉಷ್ಣ ಆಗಿದೆ." ಉರಿಮೂತ್ರ ಎಂದ ತಕ್ಷಣ ಕಲಬುರಗಿಯಿಂದ ಚಾಮರಾಜನಗರದವರೆಗೆ ಎಲ್ಲ ಮನೆಗಳಲ್ಲೂ ಹೊರಡುವ ತೀರ್ಪು ಅದೊಂದೇ. ಎಳನೀರು ಬರುತ್ತದೆ, ಬಾರ್ಲಿ ಗಂಜಿ ಬರುತ್ತದೆ, ಕೊತ್ತಂಬರಿ ಬೀಜ ನೆನೆಸಿದ ನೀರು, ನೆತ್ತಿಗೆ ಹರಳೆಣ್ಣೆ. ಇವನ್ನು ನಾನು ಹಾಸ್ಯ ಮಾಡುತ್ತಿಲ್ಲ. ಬಿಸಿಲಲ್ಲಿ ದುಡಿದು ನೀರು ಕಡಿಮೆಯಾಗಿ ಉರಿ ಬಂದವನಿಗೆ ಎಳನೀರು ಹಿತವೇ, ಆ ಲೋಟ ಹಿಡಿದು ಬರುವ ಅಮ್ಮನ ಕೈಯಲ್ಲಿರುವುದು ಕಾಳಜಿಯೇ. ಆದರೆ ಚಳಿಜ್ವರದ ಜೊತೆಗೆ ಬಂದ ಉರಿ ಉಷ್ಣವಲ್ಲ. ಮೂತ್ರ ಕಟ್ಟಿಕೊಂಡವನಿಗೆ ಲೋಟದ ಮೇಲೆ ಲೋಟ ಎಳನೀರು ಕುಡಿಸಿದರೆ ಹೋಗಲು ದಾರಿಯಿಲ್ಲದ ನೀರಿಗೆ ಇನ್ನಷ್ಟು ನೀರು ಸೇರುತ್ತದೆ, ನೋವು ಇಮ್ಮಡಿಯಾಗುತ್ತದೆ. ಉಷ್ಣ ಇಳಿಯಲಿ ಎಂದು ಕಾದ ಎರಡು ದಿನದಲ್ಲಿ ಬ್ಯಾಕ್ಟೀರಿಯಾ ಕಾಯುವುದಿಲ್ಲ.

ಎಳನೀರಿನಿಂದ ಆಗದಿದ್ದಾಗ ಮುಂದಿನ ಮೆಟ್ಟಿಲು ಮೆಡಿಕಲ್ ಶಾಪ್. ಅಲ್ಲಿಗೂ ಅಪ್ಪ ಒಬ್ಬರೇ ಹೋಗುತ್ತಾರೆ, ಗಿರಾಕಿಗಳೆಲ್ಲ ಖಾಲಿಯಾಗುವವರೆಗೆ ಪಕ್ಕಕ್ಕೆ ನಿಂತು, ಕೌಂಟರಿನ ಮೇಲೆ ಬಗ್ಗಿ, ದನಿ ತಗ್ಗಿಸಿ, "ಉರಿ… ಜ್ವರಾನೂ ಇದೆ" ಎನ್ನುತ್ತಾರೆ. ಅಂಗಡಿಯವನು ಸ್ಟ್ರಿಪ್ಪಿನಿಂದ ಆರು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಮೂರು ದಿನ. ಕೆಲವೊಮ್ಮೆ ಜ್ವರ ಇಳಿಯುತ್ತದೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ, ಗ್ರಂಥಿಯೊಳಗೆ ಅರ್ಧ ಸತ್ತು ಅರ್ಧ ಉಳಿದ ಬ್ಯಾಕ್ಟೀರಿಯಾಗಳು ಆ ಔಷಧಿಯ ರುಚಿ ನೋಡಿ ಅದನ್ನು ಎದುರಿಸಲು ಬಲ್ಲವಾಗಿ ಮತ್ತೆ ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುತ್ತ ಇದೇ ಭಯವನ್ನು ಹೇಳಿಕೊಂಡಿದ್ದ: ಮುಂದೊಂದು ದಿನ ಈ ಮದ್ದು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಕ್ಕೀತು, ಅರೆಬರೆ ನುಂಗಿದವರ ಮೈಯಲ್ಲಿ ರೋಗಾಣು ಮದ್ದಿಗೆ ಬಗ್ಗದಂತಾದೀತು ಎಂದು. ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಅನೇಕ ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿ ನೋಡಿಯೇ ಕೊಡಬೇಕು, ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ನೋಡಿ ಎಂದು ಪ್ರಚಾರವನ್ನೂ ಮಾಡಿತು. ಆ ಕೆಂಪು ಗೆರೆ ನಿಮ್ಮ ಮನೆಯ ಮಾತ್ರೆ ಡಬ್ಬದಲ್ಲಿ ಈಗಲೂ ಇದೆ. ನಿಮಗೆ ಗೊತ್ತು. ಪಕ್ಕದ ಮನೆಯವರಿಗೆ "ನಮ್ಮಲ್ಲಿ ಎರಡು ಉಳಿದಿದೆ, ತಗೊಳ್ಳಿ" ಎಂದು ಕೊಟ್ಟವರೂ ನಾವೇ. ಇವತ್ತು ಭಾರತದ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆ ಬರುವ ಇ. ಕೊಲೈಗಳ ಪೈಕಿ ಬಹುಪಾಲು, ಒಂದು ಕಾಲಕ್ಕೆ ಈ ರೋಗಕ್ಕೆ ಮೊದಲ ಮದ್ದಾಗಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುವುದಿಲ್ಲ. ಹೀಗೆ ಕೆಟ್ಟುಹೋದ ಮದ್ದಿನ ಬೆಲೆಯನ್ನು ತೆರುವವನು ದುಬಾರಿ ಇಂಜೆಕ್ಷನ್ ಕೊಳ್ಳಲಾಗದ ಯಾರೋ ಒಬ್ಬ ಕೂಲಿಯವ. ಅವನ ಮುಖ ನಾವು ನೋಡುವುದಿಲ್ಲ.

ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂಬ ಭಯವೇ ಅರ್ಧ ಜನರನ್ನು ಮನೆಯಲ್ಲಿ ಕೂರಿಸಿದೆ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ವೈದ್ಯರು ಕೈಗವಸು ತೊಟ್ಟು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಒಂದು ನಿಮಿಷದ ಕೆಲಸ, ಮೆಲ್ಲಗೆ ಮಾಡುತ್ತಾರೆ, ಮೆಲ್ಲಗೆ ಮಾಡಲೇಬೇಕು, ಯಾಕೆಂದರೆ ಈ ಸೋಂಕಿನಲ್ಲಿ ಗ್ರಂಥಿಯನ್ನು ಒತ್ತಿ ತಿಕ್ಕಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಬಹುದು. ಎಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿದ ಮನುಷ್ಯನಿಗೆ ಆ ಒಂದು ನಿಮಿಷ ಬಹಳ ಉದ್ದ ಎಂದು ನನಗೆ ಅರ್ಥವಾಗುತ್ತದೆ. ನೀವು ಪರದೆಯ ಈಚೆ ನಿಂತು "ಇಲ್ಲೇ ಇದೀನಿ ಅಪ್ಪಾ" ಎಂದರೆ ಅದು ಸ್ವಲ್ಪ ಚಿಕ್ಕದಾಗುತ್ತದೆ. ಆ್ಯಂಟಿಬಯಾಟಿಕ್ ಕೊಡುವ ಮುಂಚೆ ಮೂತ್ರದ ಕಲ್ಚರ್‌ಗೆ ಕಳಿಸುತ್ತಾರೆ, ಜ್ವರ ಜೋರಾಗಿದ್ದರೆ ರಕ್ತದ ಕಲ್ಚರ್‌ಗೂ. ಯಾವ ಬ್ಯಾಕ್ಟೀರಿಯಾ, ಅದು ಯಾವ ಮದ್ದಿಗೆ ಸಾಯುತ್ತದೆ ಎಂಬುದು ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ, ಅಲ್ಲಿಯವರೆಗೆ ಕಾಯದೆ ಅಂದಾಜಿನ ಮದ್ದನ್ನು ಶುರುಮಾಡುತ್ತಾರೆ. ಅಂಗಡಿಯಿಂದ ತಂದ ಆರು ಮಾತ್ರೆ ಮೊದಲೇ ನುಂಗಿ ಹೋದರೆ ಈ ಕಲ್ಚರ್ ಬರಿದೇ ಆಗುತ್ತದೆ, ವೈದ್ಯರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ತುಂಬಾ ಸುಸ್ತಾದವರನ್ನು ಸೇರಿಸಿಕೊಂಡು ನರಕ್ಕೆ ಇಂಜೆಕ್ಷನ್, ಡ್ರಿಪ್. ಮೂತ್ರ ಕಟ್ಟಿದ್ದರೆ ತೆಳುವಾದ ಪೈಪು, ಅದು ಹೋಗದಿದ್ದರೆ ಹೊಕ್ಕುಳ ಕೆಳಗೆ ಸಣ್ಣ ತೂತು ಮಾಡಿ ನೇರವಾಗಿ ಮೂತ್ರಕೋಶಕ್ಕೆ ಪೈಪು. ಕಟ್ಟಿದ ಮೂತ್ರ ಹೊರಹೋದ ಗಳಿಗೆಯಲ್ಲಿ ಆ ಮನುಷ್ಯನ ಮುಖವನ್ನು ನೋಡಿದವರು ಮತ್ತೆಂದೂ ಪೈಪಿನ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ.

ಇಷ್ಟಾದ ಮೇಲೆ ಎರಡು ಮೂರು ದಿನಕ್ಕೆ ಬಹುತೇಕರ ಜ್ವರ ಇಳಿಯುತ್ತದೆ. ಮೋಸ ಹೋಗುವುದು ಇಲ್ಲೇ. ಉರಿಯೂತ ಜೋರಾಗಿದ್ದಾಗ ಔಷಧಿ ಗ್ರಂಥಿಯೊಳಗೆ ಸಲೀಸಾಗಿ ಇಳಿಯುತ್ತದೆ, ಉರಿಯೂತ ತಗ್ಗಿದ ಹಾಗೆ ಗ್ರಂಥಿ ಬಾಗಿಲು ಹಾಕಿಕೊಳ್ಳುತ್ತದೆ, ಎಲ್ಲ ಔಷಧಿಯೂ ಒಳಗೆ ಹೋಗಲಾರದು. ಅದಕ್ಕೇ ವೈದ್ಯರು ಎರಡರಿಂದ ನಾಲ್ಕು ವಾರ ಮಾತ್ರೆ ಬರೆಯುತ್ತಾರೆ. ಚೆನ್ನಾಗಾಯ್ತಲ್ಲ ಎಂದು ಹತ್ತನೇ ದಿನಕ್ಕೆ ನಿಲ್ಲಿಸಿದವರಲ್ಲಿ ಕೆಲವರಿಗೆ ಅದು ತಿಂಗಳುಗಟ್ಟಲೆ ಬಂದು ಹೋಗುವ ದೀರ್ಘಕಾಲದ ಸೋಂಕಾಗಿ ಉಳಿಯುತ್ತದೆ. ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಗ್ರಂಥಿಯೊಳಗೆ ಕೀವಿನ ಬಾವು ಕಟ್ಟಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಅದು ಹೆಚ್ಚು. ಸ್ಕ್ಯಾನ್ ಮಾಡಿ ಕೀವು ತೆಗೆಯಬೇಕು. ನಡುವೆ ಇನ್ನೊಂದು: ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಸೋಂಕಿದ್ದಾಗ ಮಾಡಿಸಿದರೆ ಅದರ ಅಂಕಿ ಸಾಮಾನ್ಯವಾಗಿ ಏರಿರುತ್ತದೆ. ಆ ಚೀಟಿ ಹಿಡಿದು ಕ್ಯಾನ್ಸರ್ ಎಂದು ಅಪ್ಪನ ಎದುರು ಅಳಬೇಡಿ; ಸೋಂಕು ಪೂರ್ತಿ ವಾಸಿಯಾಗಿ ಆರೆಂಟು ವಾರವಾದ ಮೇಲೆ ವೈದ್ಯರು ಹೇಳಿದರೆ ಮತ್ತೆ ನೋಡಿಸಿ. ಸಕಾಲಕ್ಕೆ ಹೋಗಿ, ಮದ್ದು ಪೂರ್ತಿ ತೆಗೆದುಕೊಂಡವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಸಂಕಟವಾಗುವುದು ಇದಕ್ಕೇ. ಇದು ಮದ್ದಿಲ್ಲದ ರೋಗವಾಗಿದ್ದರೆ ನಾನು ನಿಮ್ಮ ಮುಂದೆ ಇಷ್ಟು ಅಂಗಲಾಚುತ್ತಿರಲಿಲ್ಲ.

ಅಪ್ಪನಿಗಾದರೂ ಪಕ್ಕದ ಕೋಣೆಯಲ್ಲಿ ನೀವಿದ್ದೀರಿ. ಯಾರೂ ಇಲ್ಲದವರನ್ನು ನೆನೆಯಿರಿ. ಲಕ್ವ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದವನ ಮಂಚದ ಪಕ್ಕ ತೂಗುವ ಯೂರಿನ್ ಬ್ಯಾಗನ್ನು ನೆನೆಯಿರಿ. ಪೈಪು ಬದಲಿಸುವ ದಿನ ದಾಟಿ ಎಷ್ಟು ದಿನವಾಯಿತೆಂದು ಅವನು ಹೇಳಲಾರ, ಬ್ಯಾಗಿನ ನೀರು ಕದಡಿ ವಾಸನೆ ಬಂದರೂ ಅವನು ಕೂಗಲಾರ. ರಾಯಚೂರಿನಿಂದ, ಯಾದಗಿರಿಯಿಂದ ಬಂದು ಬೆಂಗಳೂರಿನ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುವ ಹುಡುಗನನ್ನು ನೆನೆಯಿರಿ. ಅವನು ಚಳಿಯಿಂದ ನಡುಗುತ್ತ ಜ್ವರದ ಮಾತ್ರೆ ನುಂಗಿ ಬೆಳಿಗ್ಗೆ ಇಟ್ಟಿಗೆ ಹೊರುತ್ತಾನೆ, ಒಂದು ದಿನ ಕೂತರೆ ಒಂದು ದಿನದ ಕೂಲಿ ಇಲ್ಲ, ಮೇಸ್ತ್ರಿಯ ಮುಂದೆ "ಉಚ್ಚೆ ಹೊಯ್ಯಾಕ ಆಗವಲ್ದು" ಎಂದು ಹೇಗೆ ಹೇಳುವುದು? ಮದುವೆಯಾಗದ ಯುವಕನನ್ನು ನೆನೆಯಿರಿ. ಅಲ್ಲಿ ಉರಿ ಎಂದರೆ ಜನ ಕೆಟ್ಟ ಕಾಯಿಲೆ ಅಂದಾರು ಎಂಬ ಭಯಕ್ಕೆ ಅವನು ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಉತ್ತರ ಹುಡುಕುತ್ತಿದ್ದಾನೆ. ನಿಜ, ಹರೆಯದವರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ, ಕ್ಲಮೈಡಿಯಾ ಸೋಂಕುಗಳೂ ಇಲ್ಲಿಗೆ ತಲುಪುತ್ತವೆ. ಆದರೂ ಏನಾಯಿತು? ಅವಕ್ಕೂ ಮದ್ದಿದೆ. ಅವನಿಗೆ ಈಗ ಬೇಕಾದದ್ದು ಔಷಧಿ, ನಮ್ಮ ಪಂಚಾಯಿತಿಯಲ್ಲ.

ಯಾರೂ ನೆನೆಯದ ಇನ್ನೊಬ್ಬರಿದ್ದಾರೆ, ಅವರ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ನಮ್ಮ ಟ್ರಾನ್ಸ್ ಅಕ್ಕಂದಿರ ಮೈಯಲ್ಲೂ ಈ ಗ್ರಂಥಿ ಇರುತ್ತದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೂ ಸಾಮಾನ್ಯವಾಗಿ ಅದನ್ನು ತೆಗೆದಿರುವುದಿಲ್ಲ. ಸೀರೆಯುಟ್ಟು ಹೊರರೋಗಿ ವಿಭಾಗದ ಸಾಲಿನಲ್ಲಿ ಜ್ವರದಿಂದ ಬೇಯುತ್ತ ನಿಂತ ಆಕೆಗೆ ಹೆಂಗಸರ ಸಾಲಿನವರೂ ಜಾಗ ಬಿಡುವುದಿಲ್ಲ, ಗಂಡಸರ ಸಾಲಿನವರೂ ಬಿಡುವುದಿಲ್ಲ. ವೈದ್ಯರ ಮೇಜಿನವರೆಗೆ ತಲುಪಿದರೂ ಆಕೆಗೆ ಪ್ರಾಸ್ಟೇಟ್ ಇರಬಹುದೆಂದು ಯೋಚಿಸುವವರು ಅಪರೂಪ. ಆಕೆಯೂ ಹೇಳಲಿಲ್ಲ, ಹಾಗಿರುವಾಗ ಹೇಗೆ ಹೇಳಿಯಾಳು? ನಾವು ಕೇಳಲಿಲ್ಲ.

ವೈದ್ಯರೇ, ನಿಮ್ಮಲ್ಲೂ ಒಂದು ಬೇಡಿಕೆ. ಒಂದೇ ಕೋಣೆಯಲ್ಲಿ ಹತ್ತು ಜನ ನೂಕಾಡುವಾಗ "ಏನು ತೊಂದರೆ" ಎಂದು ಜೋರಾಗಿ ಕೇಳಿದರೆ ಗಂಡಸು "ಸೊಂಟ ನೋವು" ಎಂದಷ್ಟೇ ಹೇಳುತ್ತಾನೆ, ಸೊಂಟ ನೋವಿನ ಮಾತ್ರೆ ತೆಗೆದುಕೊಂಡು ಹೋಗುತ್ತಾನೆ. ಒಂದು ಪರದೆ ಎಳೆಯಿರಿ, ದನಿ ತಗ್ಗಿಸಿ ಮತ್ತೊಮ್ಮೆ ಕೇಳಿ. ಔಷಧಿ ಅಂಗಡಿಯ ಅಣ್ಣಂದಿರೇ, ಆರು ಮಾತ್ರೆಯ ಲಾಭ ದೊಡ್ಡದಲ್ಲ. ಚಳಿಜ್ವರ, ಉರಿ ಎಂದು ಪಿಸುಗುಟ್ಟಿದವರಿಗೆ "ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಈಗಲೇ ಆಸ್ಪತ್ರೆಗೆ ಹೋಗಿ" ಎಂದು ಹೇಳುವ ಒಬ್ಬರು ಆ ಬೀದಿಯಲ್ಲಿದ್ದರೆ ಅದು ನೀವೇ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋಗಲು ಎಲ್ಲಿಂದ ದುಡ್ಡು ಎಂದು ಕೇಳುವವರಿಗೆ ಹೇಳುತ್ತೇನೆ: ಥರ್ಮಾಮೀಟರು, ಮೂತ್ರಪರೀಕ್ಷೆ, ಮೊದಲ ಇಂಜೆಕ್ಷನ್, ಮೂತ್ರ ಹೋಗಲು ಒಂದು ಪೈಪು, ಇಷ್ಟನ್ನು ಶುರುಮಾಡಲು ತಾಲ್ಲೂಕು ಆಸ್ಪತ್ರೆ ಸಾಕು, ಮುಂದಿನದು ಬೇಕಾದರೆ ಅಲ್ಲಿಂದಲೇ ಕಳಿಸುತ್ತಾರೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಾಂಗದ ಕಾಯಿಲೆಗಳಿಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

ಇನ್ನು ನೀವು. ಇಷ್ಟು ಓದಿದ ಮೇಲೆ ನಿಮಗೆ ಗೊತ್ತಿಲ್ಲ ಎನ್ನುವಂತಿಲ್ಲ. ಇವತ್ತು ಸಂಜೆ ಟೀವಿಯ ದನಿ ಸ್ವಲ್ಪ ತಗ್ಗಿಸಿ ಅಪ್ಪನ ಪಕ್ಕ ಕೂತು ಕೇಳಿ: "ಅಪ್ಪಾ, ಒಂದಕ್ಕೆ ಹೋಗುವಾಗ ಉರಿಯುತ್ತಾ? ಪೂರ್ತಿ ಹೋಗುತ್ತಾ, ಉಳಿದ ಹಾಗಿರುತ್ತಾ? ರಾತ್ರಿ ಎಷ್ಟು ಸಲ ಏಳ್ತೀರ?" ಅವರು ಮೊದಲು ಸಿಡುಕುತ್ತಾರೆ. ಮಾತು ಹಾರಿಸುತ್ತಾರೆ. ನಾಳೆ ಮತ್ತೆ ಕೇಳಿ. ದೂರದ ಊರಲ್ಲಿ, ದೂರದ ದೇಶದಲ್ಲಿ ಇರುವವರು ಭಾನುವಾರದ ವಿಡಿಯೊ ಕರೆಯಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ. ಮಾವನ ಹತ್ತಿರ ನೀವು ಕೇಳಲಾಗದಿದ್ದರೆ ಗಂಡನಿಂದ ಕೇಳಿಸಿ, ಗಂಡ ನಾಚಿದರೆ ಗಂಡನನ್ನೇ ಗದರಿಸಿ. ಮನೆಗೆಲಸಕ್ಕೆ ಬರುವವರ ಗಂಡ, ಕಾವಲಿಗೆ ಕೂರುವ ತಾತ, ಹಿತ್ತಲಿನ ಶೆಡ್ಡಿನಲ್ಲಿರುವ ತೋಟದಾಳು, ಇವರಲ್ಲಿ ಯಾರಾದರೂ ಎರಡು ದಿನದಿಂದ ಕಂಬಳಿ ಹೊದ್ದು ಮಲಗಿದ್ದರೆ ಒಂದು ಮಾತು ಅವರನ್ನೂ ಕೇಳಿ. ಮೂತ್ರ ಪೂರ್ತಿ ಕಟ್ಟಿದ್ದರೆ, ಉರಿಯ ಜೊತೆ ನಡುಗುವ ಚಳಿಜ್ವರ ಬಂದಿದ್ದರೆ, ಇದ್ದಕ್ಕಿದ್ದಂತೆ ಮಾತು ತಪ್ಪುತ್ತಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ, ಎಳನೀರು ಕೊಟ್ಟು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ, ಜೊತೆಗೆ ಹೋಗಿ, ವೈದ್ಯರ ಮುಂದೆ ಅವರು ನಾಚಿ ಸುಮ್ಮನಾದರೆ ಆ ಮಾತನ್ನು ಅವರ ಪರವಾಗಿ ನೀವೇ ಹೇಳಿ.